ಗಾಳಿಯಲ್ಲಿ ನಿಂತ ಪೆಟ್ಟಿಗೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ನಮ್ಮತ್ತೆ ಬಾಯಿ ತೆರೆಯುತ್ತಾರೆ. “ನನ್ನ ಸೊಸೆ ಪೆಟ್ಟಿಗೆ ಬರೀತಾಳೆ” ಎನ್ನುತ್ತಾರೆ. ಎದುರುಮನೆಯವರು ಇದನ್ನು ನಂಬಿ, ಮನೆ ಬದಲಾಯಿಸುವಾಗ ನಾಲ್ಕು ಗಟ್ಟಿ ರಟ್ಟಿನ ಪೆಟ್ಟಿಗೆ ಕೊಡಿಸಬಹುದೇ ಎಂದು ನನ್ನ ಹತ್ತಿರ ಬಂದಿದ್ದರು. ಅತ್ತೆ ಹೇಳುವುದು ಸುಳ್ಳೇನಲ್ಲ. ನಾನು ಬರೆಯುವುದು ಪೆಟ್ಟಿಗೆಯನ್ನೇ. ಆದರೆ ಅದರಲ್ಲಿ ಒಂದು ಸಾಸಿವೆ ಕಾಳೂ ಹಿಡಿಸುವುದಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಮೇಜಿನ ಮೇಲಿನ ಪರದೆಯಲ್ಲಿ ಒಂದು ಪ್ರೋಟೀನು ಇರುತ್ತದೆ. ಮಕ್ಕಳನ್ನು ಕಾಡುವ ಒಂದು ಹಠಮಾರಿ ಜ್ವರದ ರೋಗಾಣುವಿನದು. ನೋಡಲು ಸಿಕ್ಕುಗಟ್ಟಿದ ರಿಬ್ಬನ್ನಿನ ಉಂಡೆಯಂತಿದೆ. ಅದರ ಮೈಯಲ್ಲಿ ಒಂದು ಕಡೆ ಪೊಟರೆ ಇದೆ. ಆ ಪೊಟರೆಯಲ್ಲಿ ಭದ್ರವಾಗಿ ಕೂರುವ ಅಣು ಸಿಕ್ಕಿದರೆ ಪ್ರೋಟೀನು ಕೆಲಸ ನಿಲ್ಲಿಸುತ್ತದೆ, ರೋಗಾಣು ಸೊರಗುತ್ತದೆ. ನಲವತ್ತು ಸಾವಿರ ಅಣುಗಳಲ್ಲಿ ಅಂಥದ್ದು ಯಾವುದೆಂದು ಹುಡುಕುವುದು ಪಕ್ಕದ ಕಟ್ಟಡದ ದೊಡ್ಡ ಕಂಪ್ಯೂಟರಿನ ಕೆಲಸ. ಎಲ್ಲಿ ಹುಡುಕಬೇಕೆಂದು ಅದಕ್ಕೆ ತೋರಿಸುವುದು ನನ್ನದು. ಪೊಟರೆಯ ಸುತ್ತ ಒಂದು ಪೆಟ್ಟಿಗೆ ಎಳೆಯುತ್ತೇನೆ. ಅದರ ನಡುಬಿಂದು ಎಲ್ಲಿದೆ ಎನ್ನಲು ಮೂರು ಸಂಖ್ಯೆ, ಉದ್ದ ಅಗಲ ಎತ್ತರಕ್ಕೆ ಇನ್ನು ಮೂರು. ಒಟ್ಟು ಆರು ಸಂಖ್ಯೆಗಳನ್ನು ಕಳಿಸಿದರೆ ನನ್ನ ಕೆಲಸ ಮುಗಿಯಿತು. ಪೆಟ್ಟಿಗೆಯ ಹೊರಗಿನ ಲೋಕ ದೊಡ್ಡ ಕಂಪ್ಯೂಟರಿನ ಪಾಲಿಗೆ ಇಲ್ಲವೇ ಇಲ್ಲ. ಪೆಟ್ಟಿಗೆಯನ್ನು ತಪ್ಪು ಜಾಗದಲ್ಲಿಟ್ಟರೂ ಅದು ತುಟಿ ಪಿಟಕ್ಕೆನ್ನದೆ ಮೂರು ವಾರ ಅಲ್ಲೇ ಹುಡುಕಿ, ಅಚ್ಚುಕಟ್ಟಾದ ಪಟ್ಟಿಯೊಂದನ್ನು ಕೈಗಿಡುತ್ತದೆ.

ಪಟ್ಟಿ ಬಂದು ಒಂದು ವಾರವಾಗಿತ್ತು. ಅದರಲ್ಲಿ ಮೊದಲ ಸ್ಥಾನ ಪಡೆದ ಅಣುವನ್ನು ನಿಜವಾಗಿ ತಯಾರಿಸುವ ಕೆಲಸ ತೊಟ್ಟು ಸರ್ ಅವರದು. ಅವರು ನಮ್ಮ ಹಿರಿಯ ರಸಾಯನಶಾಸ್ತ್ರಜ್ಞರು. ಏನನ್ನು ಏನಕ್ಕೆ ಬೆರೆಸುವುದಿದ್ದರೂ ತೊಟ್ಟು ತೊಟ್ಟಾಗಿಯೇ ಬೆರೆಸಬೇಕು ಎಂದು ಮೂವತ್ತು ವರ್ಷದಿಂದ ಎಲ್ಲರ ಜೀವ ತಿಂದದ್ದರಿಂದ ಬಂದ ಹೆಸರು. ಆ ಹೆಸರು ಅವರಿಗೂ ಗೊತ್ತು. ಒಮ್ಮೆ ಹುಟ್ಟುಹಬ್ಬಕ್ಕೆ ಯಾರೋ ಕಣ್ಣಿಗೆ ಔಷಧಿ ಬಿಡುವ ಪುಟ್ಟ ಬಾಟಲಿ ಕೊಟ್ಟಾಗ ಅದನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದರು.

ಆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ಆಂಪೂಲ್ ಒಡೆಯುವವರಿದ್ದರು. ಬೆರಳುದ್ದದ ಆ ಗಾಜಿನ ಕೊಳವೆಯಲ್ಲಿ ನಾಲ್ಕು ಗ್ರಾಂ ತಿಳಿ ಎಣ್ಣೆಯಂಥ ವಸ್ತು ಇತ್ತು. ಪಟ್ಟಿಯ ಯಾವ ಅಣುವಾದರೂ ಹುಟ್ಟಬೇಕಾದದ್ದು ಅದರಿಂದಲೇ. ಬೇರೊಂದು ಪ್ರಯೋಗಾಲಯದಲ್ಲಿ ಯಾರೋ ಮಾಡಿ ಕಳಿಸಿದ್ದು, ಕೇಳಿದ ಏಳು ತಿಂಗಳಿಗೆ ಬಂದದ್ದು. ಒಮ್ಮೆ ಕೊಳವೆ ಒಡೆದರೆ ಮುಗಿಯಿತು, ಐಸಿನಲ್ಲಿಟ್ಟರೂ ಅದೇ ಸಂಜೆಗೆ ಕೆಡುತ್ತದೆ. ನಮ್ಮ ಯೋಜನೆಗೆ ಉಳಿದಿದ್ದದ್ದು ಐದು ತಿಂಗಳು. ಎಂದರೆ ಇನ್ನೊಂದು ಕೊಳವೆ ಬರುವಷ್ಟರಲ್ಲಿ ನಾವು ಯಾರೂ ಇಲ್ಲಿರುವುದಿಲ್ಲ. ಮಾಡುವುದಿದ್ದರೆ ಒಂದೇ ಸಲ, ಒಂದೇ ಅಣು.

ಅದೇ ಬೆಳಿಗ್ಗೆ ನನಗೆ ಹಗುರವಾದ ಕೆಲಸ. ಯೋಜನೆಯ ಮುಖ್ಯಸ್ಥೆ ಮೇಡಂ ತಮ್ಮ ವರದಿಗೆ ಒಂದು ಚಿತ್ರ ಕೇಳಿದ್ದರು. “ಪ್ರೋಟೀನು ಬೂದು ಬಣ್ಣದಲ್ಲಿರಲಿ, ಪೆಟ್ಟಿಗೆ ಹಳದಿ. ದುಡ್ಡು ಕೊಡೋರು ನೋಡಿದ ಕೂಡಲೆ ಗೊತ್ತಾಗಬೇಕು ಎಲ್ಲಿ ಹುಡುಕಿದ್ವಿ ಅಂತ” ಎಂದಿದ್ದರು.

ಅಣುಗಳನ್ನು ತೋರಿಸುವ ಸಾಫ್ಟ್‌ವೇರಿನಲ್ಲಿ ಪೆಟ್ಟಿಗೆ ಬರೆಯಲು ಗುಂಡಿ ಇಲ್ಲ. ಎಂಟು ಮೂಲೆ ಲೆಕ್ಕ ಹಾಕಿ, ಹನ್ನೆರಡು ಗೆರೆ ಎಳೆದು ಜೋಡಿಸಬೇಕು. ಅದಕ್ಕೆಂದೇ ಒಂದು ಪುಟ್ಟ ಪ್ರೋಗ್ರಾಮು ಬರೆದಿಟ್ಟುಕೊಂಡಿದ್ದೇನೆ. ಪ್ರೋಟೀನಿನ ಫೈಲು ತೆರೆದೆ. ಎಂದಿನಂತೆ ಬೇಡದ್ದನ್ನು ಅಳಿಸಿದೆ. ತಿಂಗಳ ಹಿಂದಿನ ನೋಟ್‌ಬುಕ್ಕಿನ ಪುಟದಿಂದ ಆರು ಸಂಖ್ಯೆಗಳನ್ನು ನೋಡಿ ಕೊಟ್ಟೆ. ಹನ್ನೆರಡು ಹಳದಿ ಗೆರೆಗಳು ಪಟಪಟನೆ ಮೂಡಿ ಪೊಟರೆಯನ್ನು ಚೌಕವಾಗಿ ಹಿಡಿದವು. ಚೆನ್ನಾಗಿತ್ತು. ಚಹಾ ಗುಟುಕರಿಸುತ್ತ, ಇನ್ನೂ ಒಳ್ಳೆಯ ಕೋನ ಸಿಗಬಹುದೆಂದು ಮೌಸ್ ಹಿಡಿದು ಚಿತ್ರವನ್ನು ಪಕ್ಕಕ್ಕೆ ತಿರುಗಿಸಿದೆ.

ಪ್ರೋಟೀನು ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ.

ಮುಂದಿನಿಂದ ನೋಡಿದಾಗ ಪೊಟರೆಯನ್ನು ಸುತ್ತುವರಿದಂತೆ ಕಂಡಿದ್ದ ಪೆಟ್ಟಿಗೆ ನಿಜವಾಗಿ ಇದ್ದದ್ದು ಅದರ ಹಿಂದೆ, ತೀರ ಹಿಂದೆ. ಮಲಗುವವರು ಈ ಮಂಚದ ಮೇಲೆ, ಸೊಳ್ಳೆಪರದೆ ಕಟ್ಟಿದ್ದು ಆಚೆ ಕೋಣೆಯಲ್ಲಿ ಎಂಬಂತೆ ಖಾಲಿ ಗಾಳಿಯಲ್ಲಿ ತೂಗುತ್ತಿತ್ತು. ಅದರ ಒಂದು ಬದಿ ಮಾತ್ರ ಪ್ರೋಟೀನಿನ ಬೆನ್ನಿಗೆ ಚೂರು ತಾಗಿತ್ತು.

ಸಂಖ್ಯೆಗಳನ್ನು ಮತ್ತೆ ಹೊಡೆದೆ. ಮತ್ತೆ ಅದೇ. ನಡುಬಿಂದು ಅಡ್ಡಕ್ಕೆ ಸರಿ ಇತ್ತು, ಎತ್ತರಕ್ಕೆ ಸರಿ ಇತ್ತು, ಆಳಕ್ಕೆ ಮಾತ್ರ ತಪ್ಪು. ಪೊಟರೆ ಇದ್ದದ್ದು ನಾಲ್ಕರ ಆಸುಪಾಸಿನಲ್ಲಿ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ಆಳ ಮೂವತ್ತೆಂಟು ಪಾಯಿಂಟ್ ನಾಲ್ಕು.

ಮೂವತ್ತೆಂಟು ಪಾಯಿಂಟ್ ನಾಲ್ಕು ಎಂಬುದನ್ನು ನೋಡಿದರೆ ಅದು ಪ್ರೋಟೀನಿನ ಸಂಖ್ಯೆಯಂತೆ ಕಾಣಲಿಲ್ಲ. ಥರ್ಮಾಮೀಟರಿನ ಸಂಖ್ಯೆಯಂತೆ ಕಂಡಿತು.

ಆ ಪುಟವನ್ನು ಬೆಳಕಿಗೆ ಹಿಡಿದೆ. ಅದು ಪುಟ್ಟಿಗೆ ಜ್ವರ ಬಂದಿದ್ದ ದಿನದ್ದು. ಮಗಳಿಗೆ ನಾಲ್ಕು ದಿನದ ಜ್ವರ, ನನಗೆ ನಾಲ್ಕು ರಾತ್ರಿಯ ಜಾಗರಣೆ. ಆಕೆಯ ಅಪ್ಪನಿಗೆ ಆ ವಾರ ರಾತ್ರಿ ಪಾಳಿ. ರಜೆಯೆಲ್ಲ ಪುಟ್ಟಿಯ ಹಿಂದಿನ ಕಾಯಿಲೆಗಳಲ್ಲೇ ಕರಗಿಹೋಗಿದ್ದರಿಂದ ನಾನು ಕೆಲಸಕ್ಕೆ ಬಂದಿದ್ದೆ. ಅತ್ತೆ ಗಂಟೆಗೊಮ್ಮೆ ಫೋನು ಮಾಡಿ ಜ್ವರ ಎಷ್ಟಿದೆ ಎಂದು ಹೇಳುತ್ತಿದ್ದರು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡೇ ನಾನು ಪೆಟ್ಟಿಗೆ ಬರೆದಿದ್ದೆ. ಪುಟದ ಅಂಚಿನಲ್ಲಿ ನನ್ನದೇ ಕೋಳಿಕಾಲಿನ ಅಕ್ಷರ: ಹತ್ತು ಗಂಟೆ, 39.1. ಹನ್ನೊಂದು ಗಂಟೆ, 38.8. ಹನ್ನೆರಡು ಗಂಟೆಯ ಮುಂದೆ ಏನೂ ಇಲ್ಲ. ಹನ್ನೆರಡಕ್ಕೇ ನಾನು ಪೆಟ್ಟಿಗೆಯ ಸಂಖ್ಯೆ ಬರೆದದ್ದು.

ಮನೆಗೆ ಫೋನು ಹಚ್ಚಿದೆ.

“ಅತ್ತೆ, ಪುಟ್ಟಿಗೆ ಜ್ವರ ಬಂದಾಗ ನೀವು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ರಲ್ಲ...”

“ಯಾಕೆ, ಮತ್ತೆ ಬಂತಾ? ಸ್ಕೂಲಿಂದ ಫೋನ್ ಮಾಡಿದ್ರಾ? ಬೆಳಿಗ್ಗೆನೇ ಅಂದ್ಕೊಂಡೆ, ಮುಖ ಸಪ್ಪಗಿತ್ತು ಮಗೂದು...”

“ಇಲ್ಲ ಅತ್ತೆ, ಚೆನ್ನಾಗಿದಾಳೆ. ಅವತ್ತಿನ ಲೆಕ್ಕ ಬೇಕಿತ್ತು ಅಷ್ಟೇ. ಕೊನೇ ದಿನ, ಹನ್ನೆರಡು ಗಂಟೆಗೆ ಎಷ್ಟಿತ್ತು?”

“ಹೋದ ಜ್ವರ ಯಾಕಮ್ಮ ಈಗ?”

“ನೋಡಿ ಅತ್ತೆ, ದಮ್ಮಯ್ಯ.”

ಕುರ್ಚಿ ಎಳೆದ ಸದ್ದು. ಕನ್ನಡಕ ಹುಡುಕಿದ ಸದ್ದು. ಕ್ಯಾಲೆಂಡರ್ ಮೊಳೆಯಿಂದ ಇಳಿಯಿತು.

“ಹನ್ನೆರಡಕ್ಕೆ... ಮೂವತ್ತೆಂಟು ಪಾಯಿಂಟ್... ಇದು ನಾಲ್ಕೇ. ಹೌದು, ನಾಲ್ಕು. ಒಂದಕ್ಕೂ ಬೇಕಾ? ಒಂದಕ್ಕೆ ಗಂಜಿ ಕುಡಿದಳು ಅಂತ ಬರೆದಿದೀನಿ.”

“ಬೇಡ ಅತ್ತೆ” ಎಂದೆ. ಫೋನು ಇಟ್ಟೆ.

ಮಗಳ ಜ್ವರವನ್ನು ಪೆಟ್ಟಿಗೆಯ ಆಳವೆಂದು ಬರೆದುಬಿಟ್ಟಿದ್ದೆ. ದೊಡ್ಡ ಕಂಪ್ಯೂಟರು ನಲವತ್ತು ಸಾವಿರ ಅಣುಗಳನ್ನು ಮೂರು ವಾರ ಖಾಲಿ ಗಾಳಿಯಲ್ಲಿ ತಿರುಗಿಸಿತ್ತು. ಹಾಗಿದ್ದರೆ, ಯಾವ ಅಣು ಎಷ್ಟು ಭದ್ರವಾಗಿ ಕೂರುತ್ತದೆ ಎನ್ನುವ ಪಟ್ಟಿಯ ಅಂಕಗಳು ನೆಟ್ಟಗೆ ಹೇಗೆ ಬಂದವು ಎಂದು ಒಂದು ಕ್ಷಣ ಆಸೆ ಹುಟ್ಟಿತು. ಆಮೇಲೆ ಪೆಟ್ಟಿಗೆಯ ಆ ಒಂದು ಬದಿ ಕಣ್ಣಿಗೆ ಬಿತ್ತು. ಪ್ರೋಟೀನಿನ ಬೆನ್ನಿಗೆ ತಾಗಿಕೊಂಡಿತ್ತಲ್ಲ, ಅಣುಗಳು ಅಲ್ಲಿಗೆ ಹೋಗಿ ಜಿಗಣೆಯಂತೆ ಅಂಟಿಕೊಂಡರೂ ಸುಮಾರಾದ ಅಂಕ ಬಂದೇ ಬರುತ್ತದೆ. ಅಂಥ ಅಣುವಿನಿಂದ ರೋಗಾಣುವಿಗೆ ಬೆನ್ನು ತುರಿಸಿದಷ್ಟೇ ಲಾಭ.

ಗಡಿಯಾರ ನೋಡಿದೆ. ಹನ್ನೊಂದು ಹತ್ತು.

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ತೊಟ್ಟು ಸರ್, ಕೆಟ್ಟ ಗಾಳಿಯನ್ನು ಹೊರಗೆಳೆಯುವ ಗಾಜಿನ ಬಾಗಿಲಿನ ಕಪಾಟಿನ ಮುಂದೆ ಕೈಗವಸು ಹಾಕಿ ಕುಳಿತಿದ್ದರು. ಆಂಪೂಲಿನ ಕತ್ತು ಮುರಿದು ಪಕ್ಕದಲ್ಲಿ ಬಿದ್ದಿತ್ತು. ಎಣ್ಣೆ ಆಗಲೇ ಐಸಿನ ಬೋಗುಣಿಯಲ್ಲಿದ್ದ ಫ್ಲಾಸ್ಕಿಗೆ ಇಳಿದಿತ್ತು. ಮೇಲಿನ ಗಾಜಿನ ನಳಿಕೆಯಲ್ಲಿ, ಅದಕ್ಕೆ ಬೆರೆಸಬೇಕಾದ ದ್ರವ ತುಂಬಿ ನಿಂತಿತ್ತು. ಅವರ ಬೆರಳು ನಳಿಕೆಯ ತಿರುಪಿನ ಮೇಲಿತ್ತು.

“ಸರ್, ಬಿಡಬೇಡಿ!”

ಅವರು ತಿರುಗಲಿಲ್ಲ. ಬೆರಳು ಮಾತ್ರ ತಿರುಪಿನಿಂದ ಮೇಲೆದ್ದಿತು.

“ಕಿರುಚಬೇಡಮ್ಮ. ಇಲ್ಲಿ ಕಿರುಚಿದ್ರೆ ನಾಲ್ಕು ತೊಟ್ಟು ಜಾಸ್ತಿ ಬೀಳುತ್ತೆ. ಏನಾಯ್ತು?”

ಹೇಳಿದೆ. ಪೆಟ್ಟಿಗೆ ತಪ್ಪಿರಬಹುದು, ಪಟ್ಟಿಯೇ ತಪ್ಪಿರಬಹುದು ಎಂದೆ. ಜ್ವರದ ವಿಷಯವನ್ನೂ ಹೇಳಿದೆ. ಹೇಳುವಾಗ ಕಿವಿಯವರೆಗೆ ಬಿಸಿಯೇರಿತು.

ಅವರು ಕೈಗವಸು ತೆಗೆದು, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿ ಮೇಜಿನ ಮೇಲಿಟ್ಟರು.

“ಇರಬಹುದೋ, ಇದೆಯೋ?”

“ಗೊತ್ತಿಲ್ಲ ಸರ್. ಹಾಗೆ ಕಾಣಿಸ್ತಿದೆ.”

“ಹತ್ತು ನಿಮಿಷ ಮುಂಚೆ ಹೇಳಿದ್ರೆ ಕೊಳವೆ ಒಡೀತಾನೇ ಇರ್ಲಿಲ್ಲ.”

“ಹತ್ತು ನಿಮಿಷ ಮುಂಚೆ ನನಗೂ ಗೊತ್ತಿರಲಿಲ್ಲ ಸರ್.”

“ಅದೂ ಸರಿ ಅನ್ನು.” ಕಿಟಕಿಯ ಕಡೆ ನೋಡಿದರು. ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. “ಮೂರು ಗಂಟೆವರೆಗೆ ಐಸಿನಲ್ಲಿ ಕಾಪಾಡ್ತೀನಿ. ಆಮೇಲೆ ಇದು ಔಷಧಿಗೂ ಆಗಲ್ಲ, ಕಿರುಗುಟ್ಟೋ ಬಾಗಿಲಿಗೆ ಬಿಡೋಕೂ ಆಗಲ್ಲ. ಪಟ್ಟಿ ತಪ್ಪಾಗಿದ್ರೆ ನನ್ನ ಕಣ್ಣಂದಾಜಲ್ಲಿ ಏನೋ ಒಂದು ಮಾಡಿ ಹಾಕ್ತೀನಿ. ಹಾಳಾಗೋದು ಹೇಗೂ ಹಾಳಾಗುತ್ತೆ. ಹೋಗು, ಇಲ್ಲಿ ನಿಂತು ನನ್ನ ಮುಖ ನೋಡಬೇಡ.”

ಮೇಡಂಗೆ ಫೋನಿನಲ್ಲಿ ತಿಳಿಸಿದೆ. ಅವರು ಯಾವುದೋ ಸಭೆಯಲ್ಲಿದ್ದರು. ಬಾಗಿಲು ತೆರೆದು ಹೊರಗೆ ಬಂದರು. ಆಮೇಲೆ, “ನಿಲ್ಲಿಸಿದ್ದು ಒಳ್ಳೇದಾಯ್ತು. ಖಚಿತ ಮಾಡ್ಕೊಂಡು ಫೋನ್ ಮಾಡು” ಎಂದು ಇಟ್ಟುಬಿಟ್ಟರು.

ಖಚಿತ ಮಾಡಿಕೊಳ್ಳುವುದು ಹೇಗೆ? ದೊಡ್ಡ ಕಂಪ್ಯೂಟರಿಗೆ ಕೊಟ್ಟ ಫೈಲುಗಳು, ಅಣುಗಳು ಎಲ್ಲಿ ಹೋಗಿ ಕುಳಿತವು ಎಂಬ ವಿವರ, ಎಲ್ಲವೂ ಪಕ್ಕದ ಕಟ್ಟಡದಲ್ಲೇ ಇದ್ದವು. ನನ್ನ ಕಂಪ್ಯೂಟರಿನಲ್ಲಿ ಜಾಗವಿಲ್ಲದ ಕಾರಣ ಹೆಸರು, ಅಂಕಗಳ ಪಟ್ಟಿಯನ್ನಷ್ಟೇ ಇಳಿಸಿಕೊಂಡಿದ್ದೆ. ಅಲ್ಲಿನ ಆಪರೇಟರಿಗೆ ಫೋನು ಮಾಡಿದೆ. ಅವನು ಹೆಂಗಸರು ಗಂಡಸರೆನ್ನದೆ ಎಲ್ಲರನ್ನೂ ಬಾಸ್ ಎನ್ನುತ್ತಾನೆ.

“ಬಾಸ್, ಇವತ್ತು ಡಿಸ್ಕ್ ಬದಲಾಯಿಸ್ತಾ ಇದೀವಿ. ನೋಟೀಸ್ ಕಳಿಸಿದ್ವಲ್ಲ ಹೋದ ವಾರಾನೇ. ನಾಳೆ ಬೆಳಿಗ್ಗೆ ನೋಡಿ.”

“ನಾಳೆ ಆಗಲ್ಲಪ್ಪ. ಮೂರು ಗಂಟೆಯೊಳಗೆ ಒಂದೇ ಒಂದು ಫೈಲು.”

“ಎಲ್ಲರದೂ ಒಂದೇ ಒಂದು ಫೈಲೇ ಬಾಸ್. ನಾನು ಸ್ಕ್ರೂಡ್ರೈವರ್ ಹಿಡ್ಕೊಂಡು ನೆಲದ ಮೇಲೆ ಮಲಗಿದೀನಿ ಈಗ.”

ಕರೆ ಕಡಿಯಿತು. ಮತ್ತೆ ಪರದೆಯ ಮುಂದೆ ಕುಳಿತೆ. ಪೆಟ್ಟಿಗೆಯನ್ನು ಆ ಕಡೆಯಿಂದ ನೋಡಿದೆ, ಈ ಕಡೆಯಿಂದ ನೋಡಿದೆ. ಯಾವ ಕಡೆಯಿಂದ ನೋಡಿದರೂ ಖಾಲಿ. ಆ ದಿನ ನಾನು ಏನೇನು ಮಾಡಿದೆ ಎಂದು ನೆನಪಿಸಿಕೊಳ್ಳಲು ಹೊರಟರೆ ಪುಟ್ಟಿಯ ಒದ್ದೆ ಬಟ್ಟೆ, ಔಷಧಿಯ ಗುಲಾಬಿ ಬಣ್ಣ, ಬಸ್ಸಿನಲ್ಲಿ ನಿಂತೇ ತೂಕಡಿಸಿ ಯಾರದೋ ಚೀಲದ ಮೇಲೆ ಬಿದ್ದದ್ದು, ಇಷ್ಟೇ ಬಂದವು. ಪೆಟ್ಟಿಗೆ ಬರೆದ ಗಳಿಗೆ ಮಾತ್ರ ತೊಳೆದಂತೆ ಮಾಯವಾಗಿತ್ತು. ಆ ದಿನ ನಾನಾಗಿದ್ದ ಆ ಹೆಂಗಸಿನ ಮೇಲೆ ಸಿಟ್ಟು ಬಂತು. ನಿದ್ದೆ ಇಲ್ಲದವಳಿಗೆ ಇಂಥ ಕೆಲಸಕ್ಕೆ ಯಾಕೆ ಕೈ ಹಾಕಬೇಕಿತ್ತು? ಅಂಗೈಯಗಲದ ಒಂದು ಪುಟದಲ್ಲಿ ಮಗಳನ್ನೂ ಕೆಲಸವನ್ನೂ ಒಟ್ಟಿಗೆ ಬರೆದುಕೊಂಡರೆ ಇನ್ನೇನಾಗುತ್ತದೆ?

ಒಂದೂಕಾಲಿಗೆ ಬಾಗಿಲಲ್ಲಿ ತೊಟ್ಟು ಸರ್ ಕಾಣಿಸಿಕೊಂಡರು. ಕೈಯಲ್ಲಿ ಎರಡು ಲೋಟ ಚಹಾ.

“ಫ್ಲಾಸ್ಕ್ ಬಿಟ್ಟು ಬಂದ್ರಾ ಸರ್?”

“ಐಸಿನಲ್ಲಿ ಕೂತಿದೆ. ನಾನು ಎದುರಿಗೆ ಕೂತಿದ್ರೆ ಮೊಟ್ಟೆ ಏನೂ ಇಡಲ್ಲ.” ಒಂದು ಲೋಟ ನನ್ನ ಮುಂದಿಟ್ಟು ಪರದೆಯ ಹತ್ತಿರ ಬಗ್ಗಿದರು. “ಇದಾ ನಿನ್ನ ಘನಂದಾರಿ ಪೆಟ್ಟಿಗೆ?”

“ಇದೇ.”

“ಒಳ್ಳೆ ಕಟ್ಟಿದೀಯ. ಅಳತೆ ಎಲ್ಲ ನೆಟ್ಟಗಿದೆ. ಜನರೇ ಇಲ್ಲ ನೋಡು ಒಳಗೆ. ಬಾಡಿಗೆಯವರು ಖಾಲಿ ಮಾಡ್ಕೊಂಡು ಹೋದ ಮನೆ ಥರ ಇದೆ.”

ನಗು ಬರಲಿಲ್ಲ. ಲೋಟಕ್ಕೆ ಕೈ ಚಾಚಿದವಳು ಅಲ್ಲೇ ನಿಂತೆ. ಖಾಲಿ ಮಾಡಿಸಿದ್ದು ನಾನೇ ಅಲ್ಲವೇ?

“ಸರ್, ಒಂದು ನಿಮಿಷ.”

ನಾವು ಕೆಲಸ ಮಾಡುವ ಈ ಪ್ರೋಟೀನು ಫೈಲಿನಲ್ಲಿ ಒಂದಲ್ಲ, ಎರಡು ಇರುತ್ತದೆ. ರೂಪ ತಿಳಿಯಲೆಂದು ಹರಳುಗಟ್ಟಿಸಿದಾಗ ಅವು ಹಾಗೇ ಜೋಡಿಯಾಗಿ ಕಟ್ಟಿಕೊಳ್ಳುತ್ತವೆ. ಒಂದಕ್ಕೆ ಎ ಎಂದೂ ಇನ್ನೊಂದಕ್ಕೆ ಬಿ ಎಂದೂ ಹೆಸರು. ಎರಡೂ ಒಂದೇ ರೂಪ, ಒಂದೇ ಭಂಗಿ, ಸಾಲಿನಲ್ಲಿ ನಿಂತ ಹಾಗೆ ಒಂದರ ಹಿಂದೆ ಇನ್ನೊಂದು. ಕೆಲಸಕ್ಕೆ ಒಂದು ಸಾಕು. ಆದ್ದರಿಂದ ಈ ಕಸುಬಿನವರೆಲ್ಲ ಎ ಇಟ್ಟುಕೊಂಡು ಬಿ ಅಳಿಸುತ್ತಾರೆ. ಕೈ ತಾನಾಗಿ ಮಾಡುವ ಕೆಲಸ ಅದು. ಬೆಳಿಗ್ಗೆ ಫೈಲು ತೆರೆದ ಕೂಡಲೆ “ಬೇಡದ್ದನ್ನು” ಅಳಿಸಿದ್ದೆನಲ್ಲ, ಆ ಬೇಡದ್ದು ಬಿ.

ಬಿಯನ್ನು ವಾಪಸು ತಂದೆ.

ಎ ಹಿಂದಿನ ಖಾಲಿ ಗಾಳಿಯಲ್ಲಿ ಇನ್ನೊಂದು ರಿಬ್ಬನ್ನಿನ ಉಂಡೆ ಮೂಡಿತು. ಹಳದಿ ಪೆಟ್ಟಿಗೆ ಅದರ ಪೊಟರೆಯ ಸುತ್ತ ಒಂದು ಕೂದಲೆಳೆಯೂ ಆಚೀಚೆಯಾಗದೆ ನಿಂತಿತ್ತು. ಪಕ್ಕದಿಂದ ನೋಡಿದೆ, ಮೇಲಿನಿಂದ ನೋಡಿದೆ, ಕೆಳಗಿನಿಂದಲೂ ನೋಡಿದೆ. ಬಿ ಪೊಟರೆಯ ಆಳ ಅಳೆದೆ. ಮೂವತ್ತೆಂಟು ಪಾಯಿಂಟ್ ನಾಲ್ಕು.

ಲೋಕದಲ್ಲಿ ಅಷ್ಟೊಂದು ಸಂಖ್ಯೆಗಳಿರುವಾಗ ನನ್ನ ಮಗಳ ಜ್ವರಕ್ಕೂ ಈ ಪೊಟರೆಗೂ ಒಂದೇ ಸಂಖ್ಯೆ ಬೀಳಬೇಕಿತ್ತೇ!

“ಮನೆಯವರು ವಾಪಸು ಬಂದ್ರಾ?” ಎಂದರು ತೊಟ್ಟು ಸರ್.

“ಬಂದ್ರು ಸರ್. ಇದು ಜ್ವರ ಅಲ್ಲ, ಪೊಟರೆನೇ.”

“ಹಾಗಾದ್ರೆ ಹೊರಟೆ ನಾನು, ತಿರುಪು ಬಿಡ್ತೀನಿ.”

ಅವರು ಬಾಗಿಲು ದಾಟುವ ಮುಂಚೆಯೇ ಇನ್ನೊಂದು ಅನುಮಾನ ಬಂತು. “ಇರಿ ಸರ್.”

“ಮತ್ತೇನು?”

“ಪೆಟ್ಟಿಗೆ ಬಿ ಸುತ್ತ ಬರೆದಿದೀನಿ, ಸರಿ. ಆದ್ರೆ ಕಂಪ್ಯೂಟರಿಗೆ ಕೊಟ್ಟ ಪ್ರೋಟೀನು ಯಾವುದು? ಪೆಟ್ಟಿಗೆ ಬರೆದಾದ ಮೇಲೆ ಕೈ ಅಭ್ಯಾಸದಲ್ಲಿ ಬಿ ಅಳಿಸಿ ಎ ಕೊಟ್ಟಿದ್ರೆ? ಇವತ್ತು ಬೆಳಿಗ್ಗೆ ಮಾಡಿದ್ದು ಅದನ್ನೇ ತಾನೆ? ಆಗ ಎಲ್ಲಾ ಮತ್ತೆ ಖಾಲಿ ಗಾಳಿಯಲ್ಲೇ...”

ತೊಟ್ಟು ಸರ್ ಬಾಗಿಲ ಚೌಕಟ್ಟಿಗೆ ಒರಗಿದರು. “ನಿನ್ನ ಗಂಡ ನಿನ್ನ ಜೊತೆ ಹೇಗಮ್ಮ ಸಂಸಾರ ಮಾಡ್ತಾರೆ?”

“ರಾತ್ರಿ ಪಾಳಿ ಸರ್.”

ಅವರು ನಕ್ಕುಬಿಟ್ಟರು. “ಎರಡೂ ಮುಕ್ಕಾಲಿಗೆ ಹೇಳು. ಅದಕ್ಕಿಂತ ತಡ ಮಾಡಬೇಡ” ಎಂದು ಹೋದರು.

ಆ ದಿನ ನಾನು ಎ ಬಿಟ್ಟು ಬಿ ಸುತ್ತ ಪೆಟ್ಟಿಗೆ ಬರೆದದ್ದಾದರೂ ಯಾಕೆ? ಹತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವಳಲ್ಲ. ಅರೆನಿದ್ದೆಯಲ್ಲಿ ಹಿಂದಿನದರ ಮೇಲೆ ಕ್ಲಿಕ್ಕು ಬಿದ್ದಿರಬೇಕು ಎಂದೇ ಅನ್ನಿಸಿತು. ಹಾಗೆ ಬಿದ್ದಿದ್ದರೆ ಆಮೇಲೆ ಎ ಕೊಟ್ಟಿರುವುದೇ ಹೆಚ್ಚು ಸಂಭವ. ಯೋಚಿಸಿದಷ್ಟೂ ತಲೆ ಚಿಟ್ಟು ಹಿಡಿಯಿತು. ಪಕ್ಕದ ಕಟ್ಟಡಕ್ಕೆ ಓಡಿದೆ. ಆ ಕೋಣೆಗೆ ನಮ್ಮ ಕಾರ್ಡು ಕೆಲಸ ಮಾಡುವುದಿಲ್ಲ. ಬಾಗಿಲ ಗಾಜಿನಾಚೆ ಎರಡು ಕಾಲುಗಳು ಮಾತ್ರ ಕಪಾಟಿನಡಿಯಿಂದ ಚಾಚಿಕೊಂಡಿದ್ದವು. ಗಾಜು ತಟ್ಟಿದೆ. ಕಾಲು ಅಲ್ಲಾಡಲಿಲ್ಲ. ಫೋನು ಮಾಡಿದೆ. ಕಾಲ ಪಕ್ಕದಲ್ಲಿ ನೆಲದ ಮೇಲಿದ್ದ ಫೋನು ಮಿನುಗಿತು. ಒಂದು ಕೈ ಹೊರಬಂದು ತಡಕಾಡಿ ಎತ್ತಿಕೊಂಡಿತು.

“ಬಾಸ್, ಆಗಲೇ ಹೇಳಿದೆನಲ್ಲ.”

“ಬಾಗಿಲಲ್ಲೇ ನಿಂತಿದೀನಿ. ಫೈಲು ಕಳಿಸಬೇಡ. ಒಂದು ಅಕ್ಷರ ಓದಿ ಹೇಳಿದ್ರೆ ಸಾಕು.”

“ಒಂದು ಅಕ್ಷರಾನಾ?”

“ಒಂದೇ ಒಂದು.”

ಅವನು ಹೊರಳಿ ಎದ್ದು ಗಾಜಿನ ಹತ್ತಿರ ಬಂದ. ನನ್ನ ಮುಖದಲ್ಲಿ ಏನು ಕಂಡನೋ, ಬಾಗಿಲು ತೆರೆಯಲಿಲ್ಲ, ಆದರೆ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ಮೂಲೆಯ ಮೇಜಿಗೆ ಹೋಗಿ ಕುಳಿತ. “ಬ್ಯಾಕಪ್ ಡಿಸ್ಕ್ ಇದೆ. ಅಕ್ಷರ ಮಾತ್ರ ಕಾಣುತ್ತೆ, ಚಿತ್ರ ಗಿತ್ರ ಕೇಳಬೇಡಿ. ಯಾವ ಫೈಲು?”

ಫೋಲ್ಡರಿನ ಹೆಸರು ಹೇಳಿದೆ, ತಾರೀಖು ಹೇಳಿದೆ. ಗಾಜಿನ ಆಚೆ ಅವನ ಬೆರಳುಗಳು ನಿಧಾನವಾಗಿ ಕುಟ್ಟುತ್ತಿದ್ದವು. ಗೋಡೆಯ ಗಡಿಯಾರ ಎರಡೂವರೆ ದಾಟಿತ್ತು.

“ಸಿಕ್ತು. ಉದ್ದ ಇದೆ ಬಾಸ್ ಇದು. ಸಾವಿರಾರು ಸಾಲು.”

“ಸಂಖ್ಯೆ ಶುರುವಾಗೋ ಸಾಲು ನೋಡು. ಮೊದಲು ಸಾಲಿನ ಸಂಖ್ಯೆ, ಆಮೇಲೆ ಪರಮಾಣುವಿನ ಹೆಸರು, ಆಮೇಲೆ ಮೂರಕ್ಷರದ ಒಂದು ಪದ. ಅದರ ಪಕ್ಕ ಒಂಟಿ ಅಕ್ಷರ ಇರುತ್ತೆ. ಅದೇನು?”

“ತಡೀರಿ... ಮೇಲೆ ಏನೋ ಒಂದು ವಾಕ್ಯಾನೇ ಇದೆ. ನೀವೇ ಬರೆದಿದ್ದು ಅನ್ಸುತ್ತೆ.”

“ಏನಂತ?”

ಅವನು ಶಾಲೆಯ ಹುಡುಗ ಪಾಠ ಓದುವಂತೆ ಬಿಡಿಸಿ ಬಿಡಿಸಿ ಓದಿದ. “ಎ ಪೊಟರೆಯ ಬಾಯಿಯಲ್ಲಿ ನಾಲ್ಕು ಪರಮಾಣು ಕಾಣೆಯಾಗಿವೆ. ಬಿ ಪೂರ್ತಿ ಇದೆ. ಆದ್ದರಿಂದ ಎ ಅಳಿಸಿ ಬಿ ಇಟ್ಟುಕೊಂಡಿದ್ದೇನೆ. ಪೆಟ್ಟಿಗೆಯನ್ನು ನಾಲ್ಕು ಕಡೆಯಿಂದ ತಿರುಗಿಸಿ ನೋಡಿದ್ದೇನೆ.” ಸಾಲುಗಳನ್ನು ಕೆಳಗಿನವರೆಗೆ ಸರಿಸಿ ನೋಡಿ, “ಒಂಟಿ ಅಕ್ಷರನೂ ಬಿ ಬಾಸ್. ಕೆಳಗಿನವರೆಗೂ ಬಿ. ಎಲ್ಲಾ ಸಾಲೂ ಬಿ” ಎಂದ.

ನಾನು ಹಣೆಯನ್ನು ಗಾಜಿಗೆ ಆನಿಸಿದೆ. ತಣ್ಣಗಿತ್ತು.

“ಬಾಸ್? ಒಳ್ಳೆ ಸುದ್ದಿನಾ ಕೆಟ್ಟ ಸುದ್ದಿನಾ?”

“ನೀನು ನೂರು ವರ್ಷ ಬಾಳಪ್ಪ.”

“ಹಾಗಾದ್ರೆ ಒಳ್ಳೇದೇ” ಎಂದು ಅವನು ಮತ್ತೆ ಕಪಾಟಿನಡಿಗೆ ಜಾರಿದ.

ಹೊರಗೆ ಎರಡು ಕಟ್ಟಡಗಳ ನಡುವಿನ ದಾರಿಯಲ್ಲಿ ಓಡುತ್ತಲೇ ಫೋನು ಹಚ್ಚಿದೆ.

“ಸರ್, ಬಿಡಿ! ಬಿಡಿ ಸರ್, ತಿರುಪು ಬಿಡಿ!”

“ಖಚಿತಾನಾ?”

“ಖಚಿತ.”

“ಇನ್ನೊಂದು ಅನುಮಾನ ಏನಾದ್ರೂ ಬಾಕಿ ಇದ್ರೆ ಈಗಲೇ ಹೇಳಿಬಿಡು.”

“ಇಲ್ಲ ಸರ್. ಪಟ್ಟಿ ಸರಿ ಇದೆ. ಪೂರ್ತಿ ಸರಿ ಇದೆ.”

ಮೇಡಂಗೂ ಹೇಳಿದೆ. ಅವರು ಉಸಿರು ಬಿಟ್ಟದ್ದು ಕೇಳಿಸಿತು. “ಚಿತ್ರದಲ್ಲಿ ಬಿ ಹಾಕು ಮತ್ತೆ” ಎಂದಷ್ಟೇ ಅಂದರು.

ಮೇಲೆ ಹೋದಾಗ ತೊಟ್ಟು ಸರ್ ತಮ್ಮ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು. ನಳಿಕೆಯ ತುದಿಯಲ್ಲಿ ಒಂದು ತೊಟ್ಟು ಮೂಡಿ, ದಪ್ಪವಾಗಿ, ಇನ್ನೇನು ಬೀಳಬೇಕೋ ಬೇಡವೋ ಎಂದು ಯೋಚಿಸುವಂತೆ ನಿಂತು, ಬಿತ್ತು. ಫ್ಲಾಸ್ಕಿನ ತಿಳಿ ಎಣ್ಣೆಯಲ್ಲಿ ಒಂದು ಎಳೆ ಹಳದಿ ಸುರುಳಿ ಬಿಚ್ಚಿಕೊಂಡು ಕರಗಿತು. ಇನ್ನೊಂದು ತೊಟ್ಟು.

“ಎಷ್ಟು ಹೊತ್ತು ಹಿಡಿಯುತ್ತೆ ಸರ್?”

“ಒಂದೂವರೆ ಗಂಟೆ. ಕೂತ್ಕೋ. ಓಡಿ ಓಡಿ ಮುಖ ನೋಡು ಹೇಗಾಗಿದೆ.”

ಗೋಡೆ ಪಕ್ಕದ ಕುರ್ಚಿಯ ಮೇಲಿದ್ದ ಹಳೆಯ ಪತ್ರಿಕೆಗಳನ್ನು ನೆಲಕ್ಕಿಟ್ಟು ಕುಳಿತೆ. ಕಪಾಟಿನ ಫ್ಯಾನು ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು. ಆ ದಿನದ ಹೆಂಗಸನ್ನು ನೆನೆದೆ. ನಾಲ್ಕು ರಾತ್ರಿ ನಿದ್ದೆಗೆಟ್ಟು, ಭುಜದಲ್ಲಿ ಫೋನು ಸಿಕ್ಕಿಸಿಕೊಂಡು, ಒಂದು ಕಿವಿಯಲ್ಲಿ ಮಗಳ ಜ್ವರ ಕೇಳುತ್ತ ಕುಳಿತವಳು, ಇಡೀ ಪ್ರೋಟೀನಿನಲ್ಲಿ ಕಾಣೆಯಾಗಿದ್ದ ನಾಲ್ಕು ಪರಮಾಣುಗಳನ್ನು ಕಂಡುಹಿಡಿದಿದ್ದಳು. ಹತ್ತು ವರ್ಷದ ಅಭ್ಯಾಸವನ್ನು ಬದಿಗಿಟ್ಟು ಎ ಅಳಿಸಿದ್ದಳು. ಯಾಕೆಂದು ಬರೆದೂ ಇಟ್ಟಿದ್ದಳು. ಚೆನ್ನಾಗಿ ನಿದ್ದೆ ಮಾಡಿ ಬಂದಿದ್ದ ಇವತ್ತಿನ ನಾನು ಎರಡು ನಿಮಿಷದಲ್ಲಿ ಬಿ ಅಳಿಸಿ ಅವಳ ಮೇಲೆ ಗೂಬೆ ಕೂರಿಸಿದ್ದೆ. ಎದುರಿಗೆ ಸಿಕ್ಕಿದ್ದರೆ ಕೈ ಹಿಡಿದು ತಪ್ಪಾಯಿತು ಎನ್ನಬಹುದಿತ್ತು. ಅವಳು ಸಿಕ್ಕುವುದಿಲ್ಲ. ಅವಳು ಆ ದಿನ ಸಂಜೆಯ ಬಸ್ಸಿಗೇ ಹೋಗಿಬಿಟ್ಟಳು.

ಇನ್ನೊಂದು ತೊಟ್ಟು. ಇನ್ನೊಂದು.

ಅದಾದ ಮೇಲಿನ ತೊಟ್ಟುಗಳ ಲೆಕ್ಕ ನನಗೆ ಸಿಕ್ಕಲಿಲ್ಲ. ಎಚ್ಚರವಾದಾಗ ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು. ಕತ್ತು ಹಿಡಿದುಕೊಂಡಿತ್ತು. ಗಡಿಯಾರ ನಾಲ್ಕೂಕಾಲು. ನಳಿಕೆ ಹತ್ತಿರ ಹತ್ತಿರ ಬರಿದಾಗಿತ್ತು, ಫ್ಲಾಸ್ಕಿನಲ್ಲಿ ನಿಂಬೆಹಣ್ಣಿನ ಬಣ್ಣ ತುಂಬಿತ್ತು. ತೊಟ್ಟು ಸರ್ ಕುಳಿತ ಕಡೆಯಿಂದ ಅಲ್ಲಾಡಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕಿವಿ ಹರಿಯುವಂತೆ ಬಡಿದುಕೊಳ್ಳುವ ಅವರ ಟೈಮರು ಬ್ಯಾಟರಿ ತೆಗೆಸಿಕೊಂಡು ಮೇಜಿನ ಮೇಲೆ ಮಗುಚಿ ಮಲಗಿತ್ತು. ಅವರು ಎಡಗೈಯನ್ನು ಕಣ್ಣಿನ ಹತ್ತಿರ ಎತ್ತಿ ಹಿಡಿದು, ಕೈಗಡಿಯಾರದ ಮುಳ್ಳನ್ನೇ ನೋಡುತ್ತ, ತುಟಿಯಲ್ಲೇ ಎಣಿಸುತ್ತಿದ್ದರು.